ಹೋಯ್ತೀನಿ ಎಂದವಳು

ಅವಳ ಹಿಮ್ಮಡಿಗಳು ಒಡೆದಿದ್ದವು. ಬೆಳ್ಳಗೆ, ನೀಲಿ ನರ ಎದ್ದು ಕಾಣುವ ಕಾಲು. ಹಿಮ್ಮಡಿ ಮಾತ್ರ ನಮ್ಮ ಅಜ್ಜಿಯದರ ಹಾಗೆ ಬಿರುಕು ಬಿಟ್ಟು, ಬಿರುಕಿನೊಳಗೆ ಕೆಮ್ಮಣ್ಣು ಕೂತು, ಒಂದೆರಡು ಕಡೆ ರಕ್ತ ಜಿನುಗುತ್ತಿತ್ತು. ನಮ್ಮ ಅವ್ವ ಅದನ್ನು ನೋಡಿ ಲೊಚಗುಟ್ಟಿದಳು, ಹರಳೆಣ್ಣೆ ಕಾಯಿಸಲು ಒಳಗೆ ಓಡಿದಳು. ನನಗೆ ಅಯ್ಯೋ ಅನ್ನಿಸಲಿಲ್ಲ. ಮೈ ಉರಿಯಿತು. ನಮ್ಮ ಹಿಮ್ಮಡಿ ಒಡೆದದ್ದು ಚಪ್ಪಲಿ ಇಲ್ಲದೆ. ಅವಳದು ಒಡೆದದ್ದು ಇದ್ದ ಚಪ್ಪಲಿಯನ್ನು ಬಿಟ್ಟು ಬಂದು. ಎರಡೂ ಒಂದೇ ಎಂದುಕೊಂಡು ಊರೆಲ್ಲ ಕೈಮುಗಿಯಿತು. ನಾನು ಮುಗಿಯಲಿಲ್ಲ.

'ಅವರು' ಎಂದು ಬರೆಯುವುದು ಮರ್ಯಾದೆ, ಗೊತ್ತು. ವಯಸ್ಸಿನಲ್ಲಿ ನಮ್ಮ ಅವ್ವನಿಗಿಂತ ದೊಡ್ಡವಳು. ಎದುರಿಗೆ ನಾನೂ ಊರಿನವರ ಹಾಗೆ 'ಸಿಸ್ಟರಮ್ಮ, ಬನ್ನಿ, ಕೂತ್ಕಳಿ' ಎಂದೇ ಅನ್ನುತ್ತಿದ್ದೆ. ಆದರೆ ಮನಸ್ಸಿನಲ್ಲಿ ಬೈದದ್ದೆಲ್ಲ ಏಕವಚನದಲ್ಲಿ. ಮೂರು ವರ್ಷ ಬೈದಿದ್ದೇನೆ, ಆಮೇಲೂ ಬೈದಿದ್ದೇನೆ. ಈಗ ಇದ್ದಕ್ಕಿದ್ದಂತೆ ಬಹುವಚನ ಹಚ್ಚಿದರೆ ಯಾರೋ ಬೇರೆಯವರ ಕಥೆ ಹೇಳಿದ ಹಾಗಾಗುತ್ತದೆ.

ನಮ್ಮದು ಕನಕಪುರದ ಕಡೆ, ಕಬ್ಬಾಳಿಗೆ ಎರಡು ಮೈಲಿ ಈಚೆಗಿನ ಹಳ್ಳಿ. ಅಂಗಳದಲ್ಲಿ ನಿಂತರೆ ಕಬ್ಬಾಳದುರ್ಗ ಕಾಣುತ್ತದೆ. ಊರಿಗೆ ಆಗಿನ್ನೂ ಕರೆಂಟು ಬಂದ ಹೊಸತು. ಮನೆ ಹಿಂದೆ ನಮ್ಮ ಹಳೆಯ ಹುಳುಮನೆ ಇತ್ತು. ರೇಷ್ಮೆ ಹುಳು ಸಾಕುತ್ತಿದ್ದ ಒಂದೇ ಕೋಣೆ, ಕಿಟಕಿ ಅಂಗೈಯಗಲ. ಅಪ್ಪ ಹೊಸದು ಕಟ್ಟಿಸಿದ ಮೇಲೆ ಅದರಲ್ಲಿ ಇಲಿ ಬಿಟ್ಟರೆ ಯಾರೂ ಇರಲಿಲ್ಲ. ಪರದೇಶದಿಂದ ಬಂದ ಈ ಸಿಸ್ಟರಮ್ಮನಿಗೆ ಇರಲು ಅದೇ ಬೇಕಂತೆ. ಅವಳ ಜೊತೆ ಬೆಂಗಳೂರಿನಿಂದ ಬಂದಿದ್ದ ಕನ್ನಡದ ಫಾದರ್ ಒಬ್ಬರು ಅಪ್ಪನಿಗೆ ವಿವರಿಸಿದರು. ಇವರದು ಒಂದು ವ್ರತ. ದೇವರ ಹೆಸರಿನಲ್ಲಿ ಆಸ್ತಿ, ಸಂಬಳ, ಊರು, ಮನೆ ಎಲ್ಲ ಬಿಟ್ಟು ಬರುತ್ತಾರೆ. ಎಲ್ಲಿ ಹೋಗುತ್ತಾರೋ ಅಲ್ಲಿಯ ಬಡವರು ಹೇಗಿರುತ್ತಾರೋ ಹಾಗೇ ಇರುತ್ತಾರೆ. ಇವರು ನರ್ಸು, ಹೆರಿಗೆ ಮಾಡಿಸುತ್ತಾರೆ, ಜ್ವರ ನೋಡುತ್ತಾರೆ, ಏನೂ ತೆಗೆದುಕೊಳ್ಳುವುದಿಲ್ಲ.

'ಅಲ್ಲಾ ಸ್ವಾಮಿ, ಅವ್ರ ದೇಸದಲ್ಲಿ ಏನ್ ಕಮ್ಮಿ ಆಗಿತ್ತು ಈಯಮ್ಮಂಗೆ?' ಎಂದು ಅಪ್ಪ ಕೇಳಿದ.

'ಏನೂ ಕಮ್ಮಿ ಇರಲಿಲ್ಲ. ಅದಕ್ಕೇ ಬಂದಿದ್ದಾರೆ' ಎಂದರು ಫಾದರ್.

ಅಪ್ಪ ತಲೆಯಾಡಿಸಿದ. ಬಾಗಿಲಲ್ಲಿ ನಿಂತು ಕೇಳಿದ ನಾನು ಹಲ್ಲು ಕಡಿದೆ. ಆ ವರ್ಷ ನಾನು ಹತ್ತನೇ ಕ್ಲಾಸಿನಲ್ಲಿದ್ದೆ. ಇದ್ದ ಎರಡು ಲಂಗಗಳಲ್ಲಿ ಒಂದಕ್ಕೆ ತೇಪೆ. ಆ ತೇಪೆಯಿಂದ ಹೇಗಾದರೂ ತಪ್ಪಿಸಿಕೊಂಡು ಓಡಬೇಕು ಎಂದು ನಾನು ಕಾಯುತ್ತಿದ್ದರೆ, ಇವಳು ಸಮುದ್ರ ದಾಟಿ ಅದನ್ನೇ ಹುಡುಕಿಕೊಂಡು ಬಂದಿದ್ದಳು.

ಅವಳು ಬದುಕಿದ ರೀತಿ ಹೇಳಬೇಕು. ಎರಡು ಸೀರೆ, ಎರಡೂ ಬೂದಿ ಬಣ್ಣದವು. ಒಂದು ತಗಡಿನ ಟ್ರಂಕು, ಒಂದು ಚಾಪೆ, ಒಂದು ಶಿಲುಬೆ. ನಮ್ಮ ಬಾವಿಯಿಂದಲೇ ನೀರು ಸೇದಿ ಹೊರುತ್ತಿದ್ದಳು. ಸೊಂಟದ ಮೇಲೆ ಬಿಂದಿಗೆ ನಿಲ್ಲಿಸಲು ಬಾರದೆ ಎದೆಗವಚಿಕೊಂಡು ತಂದು ಮೈಯೆಲ್ಲ ಒದ್ದೆ ಮಾಡಿಕೊಳ್ಳುತ್ತಿದ್ದಳು. ಮುದ್ದೆಯನ್ನು ಅಗಿಯುತ್ತಿದ್ದಳು. ನುಂಗಬೇಕು ಸಿಸ್ಟರಮ್ಮ ಎಂದು ಅವ್ವ ಎಷ್ಟು ಸಲ ತೋರಿಸಿಕೊಟ್ಟರೂ ಹಲ್ಲಿಗೆಲ್ಲ ಅಂಟಿಸಿಕೊಂಡು ಅರ್ಧ ಗಂಟೆ ಅಗಿಯುವುದೇ. ನಮ್ಮ ಭಾಷೆಯಲ್ಲಿ ಅವಳು ಮೊದಲು ಕಲಿತ ಮಾತು 'ಒಸಿ', ಸ್ವಲ್ಪ ಎಂದು. ಅನ್ನ ಹಾಕಲೇ? ಒಸಿ. ಸಾರು? ಒಸಿ. ಮಲಗಲು ಇಷ್ಟೇ ಜಾಗ ಸಾಕೇ? ಒಸಿ ಸಾಕು. ಊರಿನ ಹೆಂಗಸರಿಗೆ ಅದು ಮುದ್ದಾಗಿ ಕೇಳುತ್ತಿತ್ತು. ಬೇಕಾದಷ್ಟು ಇದ್ದವರ ಬಾಯಲ್ಲಿ ಒಸಿ ಎಂಬ ಮಾತು ಚೆನ್ನಾಗಿಯೇ ಇರುತ್ತದೆ, ಎಂದುಕೊಳ್ಳುತ್ತಿದ್ದೆ ನಾನು.

ಇನ್ನೊಂದು, ಅವಳು ಸುಳ್ಳು ಹೇಳುತ್ತಿರಲಿಲ್ಲ. ಅದೂ ವ್ರತವೇ. ಸುಳ್ಳು ಎಂದರೆ ದೊಡ್ಡ ಸುಳ್ಳಲ್ಲ, ಉಪಚಾರದ ಸುಳ್ಳು ಕೂಡ ಇಲ್ಲ. ಸಾರು ಹೆಂಗೈತೆ ಎಂದು ಅವ್ವ ಆಸೆಯಿಂದ ಕೇಳಿದರೆ 'ಉಪ್ಪು ಜಾಸ್ತಿ' ಎನ್ನುವಳು. ಪಟೇಲರ ಮನೆಯವರು ಮೊಮ್ಮಗನನ್ನು ಎತ್ತಿ ತೋರಿಸಿ ನಮ್ಮ ಕೂಸು ಹೆಂಗವ್ನೆ ಎಂದರೆ 'ತೂಕ ಕಮ್ಮಿ' ಎನ್ನುವಳು. ಜನ ನಕ್ಕು ಸುಮ್ಮನಾಗುತ್ತಿದ್ದರು. ಪರದೇಶದ ಹೆಂಗಸು, ಬಾಯಿಗೆ ಬೆಣ್ಣೆ ಹಚ್ಚಿಕೊಳ್ಳಲು ಬಾರದು, ಕೈ ಮಾತ್ರ ಬಂಗಾರ ಎನ್ನುತ್ತಿದ್ದರು. ಕೈಯೇನೋ ಬಂಗಾರವೇ, ಅದನ್ನು ನಾನೂ ಇಲ್ಲವೆನ್ನುವುದಿಲ್ಲ. ಮೊದಲ ವರ್ಷದಲ್ಲಿಯೇ ಸುತ್ತಲಿನ ಊರುಗಳಲ್ಲಿ ಹೆರಿಗೆ ಎಂದರೆ ಅವಳನ್ನೇ ಕರೆಯುವ ಹಾಗಾಯಿತು. ನಮ್ಮ ಅಜ್ಜಿ ಊರಿನ ಹಳೆಯ ಸೂಲಗಿತ್ತಿ. ಅಂಥವಳೂ ಹೊಟ್ಟೆಕಿಚ್ಚು ಪಡದೆ, ಕಷ್ಟದ ಹೆರಿಗೆ ಬಂದರೆ ಅವಳ ಬಾಗಿಲು ತಟ್ಟುತ್ತಿದ್ದಳು.

ಅವಳಿಗೆ ಕನ್ನಡ ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಸಂಜೆ ಹೊಂಗೆ ಮರದ ಕೆಳಗೆ ಪಾಠ. ನಾನು ಕಟ್ಟೆಯ ಮೇಲೆ ಕೂರಬೇಕು, ಅವಳು ನೆಲದ ಮೇಲೆ. ಕಲಿಯುವವರು ಕೆಳಗಿರಬೇಕು ಎಂದು ಅವಳದೇ ಹಟ. ನೋಟ್ ಬುಕ್ಕಿನಲ್ಲಿ ನಾನು ದೊಡ್ಡದಾಗಿ ಒಂದು ಮಾತು ಬರೆದುಕೊಡುವುದು, ಅದರ ಕೆಳಗೆ ಅವಳು ಸೊಟ್ಟಪಟ್ಟ ಅಕ್ಷರದಲ್ಲಿ ಹತ್ತು ಸಲ ಬರೆಯುವುದು. ನನ್ನನ್ನು ಅವಳು ಟೀಚರಮ್ಮ ಎಂದು ಕರೆಯುತ್ತಿದ್ದಳು. ಆ ಹೆಸರಿಗೆ ನಾನು ಒಳಗೊಳಗೇ ಉಬ್ಬಿದ್ದು ನಿಜ. ಕಲಿಸಿದ್ದಕ್ಕೆ ಬದಲಾಗಿ ನನಗೆ ನಾಡಿ ಹಿಡಿಯುವುದು, ಥರ್ಮಾಮೀಟರು ನೋಡುವುದು, ಹೊಕ್ಕುಳ ಬಳ್ಳಿ ಕಟ್ಟುವ ದಾರ ಕುದಿಸುವುದು ಹೇಳಿಕೊಟ್ಟಳು. ಆಗ ನನ್ನ ತಲೆಯೊಳಗೆ ಆ ಹುಳು ಹೊಕ್ಕಿತು. ನಾನು ನರ್ಸಾಗಬೇಕು.

ಹತ್ತನೇ ಕ್ಲಾಸು ಪಾಸಾದೆ. ನಮ್ಮ ಮನೆಯಲ್ಲಿ ಅಷ್ಟು ಓದಿದ ಮೊದಲ ಹೆಣ್ಣು ನಾನು. ಅವಳನ್ನು ಬೆಂಗಳೂರಿನಿಂದ ಕಳಿಸಿದ್ದ ಜನರದೇ ಒಂದು ಆಸ್ಪತ್ರೆಯಲ್ಲಿ ಹಳ್ಳಿ ಹುಡುಗಿಯರಿಗೆ ನರ್ಸ್ ತರಬೇತಿ ಕೊಡುತ್ತಿದ್ದರು. ಊಟ, ವಸತಿ ಅಲ್ಲೇ. ಆದರೆ ಗೊತ್ತಿದ್ದವರು ಯಾರಾದರೂ 'ಈ ಹುಡುಗಿ ಒಳ್ಳೆಯವಳು' ಎಂದು ಕಾಗದ ಕೊಡಬೇಕು. ಅವಳ ನಾಲ್ಕು ಸಾಲು ಸಾಕಿತ್ತು. ಕೊಟ್ಟೇ ಕೊಡುತ್ತಾಳೆ ಎಂದು ನಾನು ಅವ್ವನಿಗೆ ಆಗಲೇ ಹೇಳಿಬಿಟ್ಟಿದ್ದೆ. ಅವ್ವ ನನ್ನ ಟ್ರಂಕಿಗೆ ಬಣ್ಣ ಹೊಡೆಸಲು ಕೊಟ್ಟಾಗಿತ್ತು.

'ಇಲ್ಲ ಟೀಚರಮ್ಮ' ಎಂದಳು.

'ನಾಲ್ಕೇ ಸಾಲು ಸಿಸ್ಟರಮ್ಮ' ಎಂದೆ.

'ನಾನು ಬರುವಾಗ ದೇವರಿಗೆ ಮಾತು ಕೊಟ್ಟೆ. ನನಗೆ ದುಡ್ಡು ಬೇಡ, ದೊಡ್ಡವರ ಸ್ನೇಹ ಬೇಡ, ನನ್ನ ಹೆಸರಿಗೆ ಬೆಲೆ ಬೇಡ. ಇಲ್ಲಿಯ ಬಡವಿ ಯಾರಿಗೆ ಕಾಗದ ಬರೆಯುತ್ತಾಳೆ? ಯಾರು ಓದುತ್ತಾರೆ? ನಾನೂ ಹಾಗೇ ಇರಬೇಕು.'

'ನಿಮ್ಗೆ ಒಂದು ಕಾಗ್ದ, ಸಿಸ್ಟರಮ್ಮ. ನಂಗೆ ಜೀವಮಾನ.'

ಅವಳ ಕಣ್ಣಲ್ಲಿ ನೀರು ಬಂತು. ಆದರೂ ಬರೆಯಲಿಲ್ಲ. ಬಂದ ಆ ನೀರನ್ನು ನೋಡಿ ನನ್ನ ಸಿಟ್ಟು ಇನ್ನೂ ಹೆಚ್ಚಿತು. ಅಳುವುದಾದರೆ ಬರೆದುಕೊಡು, ಬರೆಯುವುದಿಲ್ಲವಾದರೆ ಅಳಬೇಡ! ಬಡವರ ಹತ್ತಿರ ಇಲ್ಲದ ಒಂದೇ ಒಂದು ಸಾಮಾನು ಅವಳ ಹತ್ತಿರ ಇತ್ತು, ಅದನ್ನು ಆ ತಗಡಿನ ಟ್ರಂಕಿನಲ್ಲಿಟ್ಟು ಬೀಗ ಹಾಕಿಕೊಂಡು ಕೂತಿದ್ದಳು. ತನ್ನ ಬಡತನವನ್ನು ಆರಿಸಿಕೊಂಡವಳು ನನ್ನದನ್ನೂ ತಾನೇ ಆರಿಸಿಬಿಟ್ಟಳು. ಅರ್ಜಿ ಹಾಕುವ ಗಡುವು ಮುಗಿಯಿತು. ಬಣ್ಣ ಹೊಡೆದ ಟ್ರಂಕು ಮನೆಗೆ ಬಂತು, ಅವ್ವ ಅದರಲ್ಲಿ ರಾಗಿ ಹಿಟ್ಟು ತುಂಬಿದಳು.

ಅವತ್ತೇ ತೀರ್ಮಾನ ಮಾಡಿದೆ. ಇವಳನ್ನು ಬಿಡಬಾರದು. ಹೇಗೆ ಎನ್ನುವುದು ಗೊತ್ತಿರಲಿಲ್ಲ. ದಾರಿಯನ್ನು ಅವಳೇ ತೋರಿಸಿಕೊಟ್ಟಳು.

ಕೆಲವು ದಿನಗಳ ನಂತರದ ಪಾಠ. ಏನೂ ಆಗದವಳ ಹಾಗೆ ನಾನು ಕಟ್ಟೆಯ ಮೇಲೆ ಕೂತಿದ್ದೆ. ಅವಳು ಕೇಳಿದಳು, 'ಟೀಚರಮ್ಮ, ಒಂದು ಅನುಮಾನ. ನಿಮ್ಮ ಜನ ಮನೆಯಿಂದ ಹೋಗುವಾಗ ಬತ್ತೀನಿ ಅನ್ನುತ್ತಾರೆ. ಬರುವುದಿಲ್ಲ, ಹೋಗುತ್ತಾರೆ. ನಾನೂ ಬತ್ತೀನಿ ಅಂತಾ ಇದ್ದೇನೆ. ಅದು ಸುಳ್ಳು ಅಲ್ಲವಾ?'

ಅವಳ ಮುಖ ನೋಡಿದೆ. ನಿಜವಾಗಿಯೂ ಸಂಕಟಪಡುತ್ತಿದ್ದಳು. ನಮ್ಮ ಕಡೆ ಒಂದು ಮನೆಯಿಂದ ಎದ್ದು ಹೊರಡುವಾಗ ಹೋಯ್ತೀನಿ ಎಂದು ಯಾರೂ ಅನ್ನುವುದಿಲ್ಲ. ಹೋಗುವುದು ಎಂದರೆ ಹೆಣ ಹೋಗುವುದು. ಹೊರಡುವವರು ಬತ್ತೀನಿ ಎನ್ನಬೇಕು, ಒಳಗಿನವರು ಹೋಗ್ಬುಟ್ಟು ಬಾ ಎನ್ನಬೇಕು. ಕಾಯಿಲೆಯವರು, ಬಾಣಂತಿ, ಹಸುಗೂಸು ಇರುವ ಮನೆಯಲ್ಲಂತೂ ಹೋಯ್ತೀನಿ ಎಂದರೆ ಬಾಯಿಗೆ ಬರೆ ಎಳೆಯುತ್ತಾರೆ. ಇದನ್ನು ನಮ್ಮಲ್ಲಿ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಮಾತು ಬರುವಾಗಲೇ ಬಂದುಬಿಡುತ್ತದೆ. ಅವಳಿಗೆ ಬಂದಿರಲಿಲ್ಲ.

'ಹೌದು ಸಿಸ್ಟರಮ್ಮ, ಸುಳ್ಳೇ' ಎಂದೆ. 'ಮಾಮೂಲಿ ಜನ ಹಂಗಂತಾರೆ. ನಿಜ ಹೇಳೋರು ಹೋಯ್ತೀನಿ ಅನ್ಬೇಕು. ಯಾರಾದ್ರೂ ಬತ್ತೀನಿ ಅನ್ನಿ ಅಂತ ತಿದ್ದುದ್ರೆ ಅದು ಬರೀ ಉಪಚಾರಕ್ಕೆ. ನೀವು ಕಿವಿಗೆ ಹಾಕ್ಕೋಬೇಡಿ.'

ನೋಟ್ ಬುಕ್ಕಿನಲ್ಲಿ 'ಹೋಯ್ತೀನಿ' ಎಂದು ದಪ್ಪಗೆ ಬರೆದುಕೊಟ್ಟೆ. ಅವಳು ಕೆಳಗೆ ಹತ್ತು ಸಲ ಬರೆದಳು. ಬರೆದು ಮುಗಿಸಿ, ಎದೆಯ ಮೇಲಿನ ಭಾರ ಇಳಿದವಳ ಹಾಗೆ ನಕ್ಕಳು. 'ತುಂಬಾ ಉಪಕಾರ ಟೀಚರಮ್ಮ' ಎಂದಳು. ನನಗೂ ನಗು ಬಂತು. ಜನ ಅವಳ ಮೇಲೆ ಮುಖ ಸಿಂಡರಿಸಬೇಕು, ಬಾಗಿಲು ಹಾಕಬೇಕು, ಬಾಗಿಲು ಹಾಕಿಸಿಕೊಂಡರೆ ಹೇಗಿರುತ್ತದೆ ಎಂದು ಅವಳಿಗೂ ಗೊತ್ತಾಗಬೇಕು. ಅಷ್ಟೇ ನನಗೆ ಬೇಕಾಗಿದ್ದದ್ದು.

ಮೊದಲು ಒಂದೆರಡು ಮನೆಯಲ್ಲಿ ನಕ್ಕರು, ತಿದ್ದಿದರು. 'ಬತ್ತೀನಿ ಅನ್ನಿ ಸಿಸ್ಟರಮ್ಮ' ಎಂದರೆ ಅವಳು ನಾನು ಕಲಿಸಿದ ಹಾಗೇ ತಲೆಯಾಡಿಸಿ, ಇನ್ನೂ ಸ್ಪಷ್ಟವಾಗಿ, ಕೈಮುಗಿದು 'ಹೋಯ್ತೀನಿ' ಎನ್ನುತ್ತಿದ್ದಳು. ಆಮೇಲೆ ಮೇಲಿನ ಬೀದಿಯ ಮುದುಕನೊಬ್ಬನನ್ನು ನೋಡಲು ಹೋಗಿ ಹೊಸಿಲಲ್ಲಿ ನಿಂತು ಅದನ್ನೇ ಅಂದಳು. ಮೂರನೆಯ ದಿನ ಮುದುಕ ತೀರಿಕೊಂಡ. ಅವನಿಗೆ ಎಂಬತ್ತು ದಾಟಿತ್ತು, ಆದರೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಿಂಗಳೊಳಗೆ ಬಾಣಂತಿ ಮನೆಯೊಂದರಲ್ಲಿ ಅಂದಳು. ಏಳು ತಿಂಗಳಿಗೇ ಹುಟ್ಟಿದ ಕೂಸು ಅದು, ಇಲಿಮರಿಯಷ್ಟಿತ್ತು. ಮರುದಿನ ಬೆಳಿಗ್ಗೆ ಹೋಯಿತು.

ಆ ಮನೆಯ ಮುಂದೆ ಹೆಂಗಸರು ಎದೆ ಬಡಿದುಕೊಂಡು ಅಳುವಾಗ ನಾನೂ ಗುಂಪಿನಲ್ಲಿ ನಿಂತಿದ್ದೆ.

'ಆಯಮ್ಮ ಹೋಯ್ತೀನಿ ಅಂತ ಬಾಯ್ಬುಟ್ರೆ ಯಾರಾದ್ರೂ ಒಬ್ರು ಹೋಯ್ತಾರೆ ಕಣ್ರವ್ವ! ಬೇಕೂಂತಲೇ ಅಂತಾಳೆ, ಎಷ್ಟ್ ತಿದ್ದುದ್ರೂ ಕೇಳಾಕಿಲ್ಲ' ಎಂದಳು ಸತ್ತ ಕೂಸಿನ ಅಜ್ಜಿ.

ಕೂಸು ಸತ್ತದ್ದು ನನ್ನ ಮಾತಿನಿಂದಲ್ಲ. ಆಮೇಲೆ ಮೂವತ್ತು ವರ್ಷ ಹೆರಿಗೆ ಮಾಡಿಸಿದವಳು ನಾನು, ಏಳು ತಿಂಗಳ ಕೂಸು ಆ ಕಾಲದಲ್ಲಿ ಉಳಿಯುತ್ತಿರಲಿಲ್ಲ ಎಂದು ನನಗೆ ಗೊತ್ತು. ಆದರೆ ಅವತ್ತು ಗುಂಪಿನಲ್ಲಿ ನಿಂತವಳಿಗೆ ಗೊತ್ತಿರಲಿಲ್ಲ. ಮನೆಗೆ ಬಂದು ಹಿಟ್ಟಿನ ಟ್ರಂಕಿನ ಮೇಲೆ ಕೂತೆ. ಹೇಳಿಬಿಡಬೇಕು ಎಂದುಕೊಂಡೆ. ಹೇಳಲಿಲ್ಲ.

ಅವಳಿಗೆ ಬಾಗಿಲುಗಳು ಮುಚ್ಚಿದವು. ನಾನು ಬೇಡಿಕೊಂಡದ್ದು ಅಕ್ಷರಶಃ ಆಯಿತು. ಬೀದಿಯಲ್ಲಿ ಅವಳು ಬಂದರೆ ಬಸುರಿಯರು ಒಳಗೆ ಹೋಗುತ್ತಿದ್ದರು. ಅಂಗಡಿಗೆ ಹೋದಾಗ ಅಂಗಡಿಯ ಹೆಂಗಸು ಧೈರ್ಯ ಮಾಡಿ ಕೇಳಿದಳಂತೆ, ಯಾಕೆ ತಾಯಿ ಹಂಗಂತೀರಿ, ಅದು ಸಾವಿನ ಮಾತಲ್ವಾ, ಯಾರು ಕಲಿಸುದ್ರು ನಿಮ್ಗೆ? ಅವಳು 'ನನ್ನದೇ ತಪ್ಪು' ಎಂದಳಂತೆ. ಅಂಗಡಿಯವಳು ಇದನ್ನು ಅವ್ವನಿಗೆ ಹೇಳುವಾಗ ನಾನು ಅಲ್ಲೇ ಸೊಪ್ಪು ಸೋಸುತ್ತಿದ್ದೆ. ಕಿವಿ ನಿಮಿರಿತು. ಸುಳ್ಳು ಹೇಳದವಳು! ಇದು ಸುಳ್ಳಲ್ಲವೇ? ಆಮೇಲೆ ಯೋಚಿಸಿದರೆ ಸುಳ್ಳೂ ಅಲ್ಲ. ಕಾಗದ ಕೊಡದಿದ್ದದ್ದು ಅವಳ ತಪ್ಪೇ. ಆ ಲೆಕ್ಕದಲ್ಲಿ ಅಂದಳೇ? ತಿಳಿಯಲಿಲ್ಲ.

ಎರಡು ತಿಂಗಳು ಅವಳು ಹುಳುಮನೆಯ ಜಗುಲಿಯಲ್ಲಿ ಸುಮ್ಮನೆ ಕೂತಳು. ಬೆಳಿಗ್ಗೆ ಎದ್ದು ದಾರ ಕುದಿಸಿ, ಕತ್ತರಿ ಕುದಿಸಿ, ಬಟ್ಟೆ ಮಡಚಿ ಚೀಲಕ್ಕೆ ಹಾಕಿಟ್ಟು ಕಾಯುವುದು. ಯಾರೂ ಬರುತ್ತಿರಲಿಲ್ಲ. ಸಂಜೆ ಪಾಠಕ್ಕೆ ಮಾತ್ರ ಹೊಂಗೆ ಮರದ ಕೆಳಗೆ ತಪ್ಪದೆ ಬಂದು ನೆಲದ ಮೇಲೆ ಕೂರುತ್ತಿದ್ದಳು. ನಾನು ಕಟ್ಟೆಯ ಮೇಲೆ. ಒಂದು ದಿನವೂ ಆ ಮಾತು ಎತ್ತಲಿಲ್ಲ. ಬೈದಿದ್ದರೆ, ಅಪ್ಪನಿಗೆ ಹೇಳಿ ನನ್ನ ಚರ್ಮ ಸುಲಿಸಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ನನ್ನ ಸೇಡನ್ನು ನನ್ನ ಕೈಯಲ್ಲೇ ಬಿಟ್ಟು ಕೂತಳು. ಅದಕ್ಕಾಗಿ ಅವಳನ್ನು ಇನ್ನೂ ಹೆಚ್ಚು ದ್ವೇಷಿಸಿದೆ.

ಆಗ ಮದುವೆಯಾಗಿ ಹೋಗಿದ್ದ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು.

ಬೆಳಿಗ್ಗೆ ನೋವು ಶುರುವಾಯಿತು. ಅಜ್ಜಿಯೇ ಕೂತಳು. ಮಧ್ಯಾಹ್ನ ಆಗುವ ಹೊತ್ತಿಗೆ ಅಜ್ಜಿಯ ಮುಖ ಬಾಡಿತು. ಹೊರಗೆ ಬಂದು ಅವ್ವನ ಕಿವಿಯಲ್ಲಿ, 'ಕಾಲು ಮುಂದಾಗೈತೆ ಕಣೆ' ಎಂದಳು. ಕನಕಪುರಕ್ಕೆ ಇದ್ದ ಒಂದೇ ಬಸ್ಸು ಬೆಳಿಗ್ಗೆ ಹೋಗಿಯಾಗಿತ್ತು. ಅಪ್ಪ ಗಾಡಿ ಹುಡುಕಲು ಓಡಿದ್ದ. ಗಾಡಿಯಲ್ಲಿ ಕನಕಪುರ ಸೇರುವ ಹೊತ್ತಿಗೆ ಏನಾಗುತ್ತದೆ ಎಂದು ಅಜ್ಜಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಒಳಗೆ ಅಕ್ಕ ಕೂಗುವುದನ್ನು ನಿಲ್ಲಿಸಿ ನರಳಲು ಶುರುಮಾಡಿದ್ದಳು. ಹಿತ್ತಲಿನಿಂದ ಇಪ್ಪತ್ತು ಹೆಜ್ಜೆ ಆಚೆ, ಕುದಿಸಿದ ದಾರ ಚೀಲದಲ್ಲಿಟ್ಟುಕೊಂಡು ಅವಳು ಕೂತಿದ್ದಳು.

'ಸಿಸ್ಟರಮ್ಮನ್ನ ಕರೀಲಾ?' ಎಂದೆ.

'ಬಾಯ್ಮುಚ್ಚು!' ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. 'ಆಯಮ್ಮ ಈ ಹೊಸ್ಲು ದಾಟ್ಬೇಕು ಅಂದ್ರೆ ನನ್ನ ಹೆಣ ದಾಟ್ಕಂಡು ಬರ್ಲಿ. ಹೋಯ್ತೀನಿ ಅಂತಾಳಲ್ಲ, ಯಾರ್ನ ಕರ್ಕಂಡು ಹೋಯ್ತಾಳೆ ಗೊತ್ತಾ ನಿಂಗೆ?'

'ಅದು ನಾನೇ ಹೇಳ್ಕೊಟ್ಟಿದ್ದು.'

ಅಜ್ಜಿಗೆ ಅರ್ಥವಾಗಲಿಲ್ಲ. ನಾನು ಜೋರಾಗಿ, ಬೀದಿಗೆ ಕೇಳುವಷ್ಟು ಜೋರಾಗಿ ಕೂಗಿಬಿಟ್ಟೆ. 'ನಾನೇ ಕಣಜ್ಜಿ! ಬೇಕೂಂತಲೇ ತಪ್ಪು ಹೇಳ್ಕೊಟ್ಟೆ. ಕಾಗ್ದ ಬರ್ಕೊಡ್ಲಿಲ್ಲ ಅಂತ ಹೊಟ್ಟೆಯುರಿಗೆ. ಅವ್ರಿಗೆ ಏನೂ ಗೊತ್ತಿರ್ಲಿಲ್ಲ. ಗೊತ್ತಾದ್ಮೇಲೂ ನನ್ ಹೆಸ್ರು ಹೇಳ್ಲಿಲ್ಲ.'

ಅಜ್ಜಿಯ ಕೈ ತುಂಬ ಹರಳೆಣ್ಣೆ. ಆ ಕೈಯಲ್ಲೇ ಕೆನ್ನೆಗೆ ಬಾರಿಸಿದಳು. ಜಾರಿ ಕಿವಿಯವರೆಗೂ ಎಣ್ಣೆ ಮೆತ್ತಿತು. ಎರಡನೆಯ ಏಟಿಗೆ ಕೈ ಎತ್ತಿದವಳು ಹೊಡೆಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಲಿಗೆ ನಡೆದಳು. ಎಂದೂ ಯಾರ ಮುಂದೆಯೂ ತಲೆ ತಗ್ಗಿಸದ ಮುದುಕಿ ಹುಳುಮನೆಯ ಮುಂದೆ ನಿಂತು, 'ತಪ್ಪಾಗೋಯ್ತು, ಬಾ ತಾಯಿ' ಎಂದಳು. ಅವಳು ಏನೂ ಕೇಳದೆ ಚೀಲ ಎತ್ತಿಕೊಂಡು ಬರಿಗಾಲಲ್ಲಿ ಓಡಿ ಬಂದಳು.

ಒಳಗೆ ಏನು ನಡೆಯಿತು ಎನ್ನುವುದನ್ನು ಪೂರ್ತಿ ಹೇಳಲಾರೆ. ಅಜ್ಜಿ ಅಕ್ಕನ ಬೆನ್ನಿಗೆ ಕೂತಿದ್ದಳು, ನಾನು ಬಿಸಿನೀರು ಕೊಡುತ್ತಿದ್ದೆ, ಅವಳು ಅವಸರವಿಲ್ಲದೆ ಒಸಿ, ಒಸಿ, ಇನ್ನೂ ಒಸಿ ಎನ್ನುತ್ತಿದ್ದಳು. ಮೊದಲು ಎರಡು ಪುಟ್ಟ ಕಾಲು ಬಂದವು, ನೀಲಿಗಟ್ಟಿದ್ದವು. ಕೊನೆಗೆ ತಲೆ ಬಂತು. ಹೆಣ್ಣು ಮಗು. ಅಳಲಿಲ್ಲ. ಅವಳು ಬಾಯಿಗೆ ಬಾಯಿಟ್ಟು ಊದಿದಳು, ಅಂಗಾಲಿಗೆ ತಟ್ಟಿದಳು, ಮತ್ತೆ ಊದಿದಳು. ಆಮೇಲೆ ಅತ್ತಿತು. ಆ ಅಳುವಿಗೆ ಅಜ್ಜಿಯೂ ಸೇರಿ ಮನೆಯವರೆಲ್ಲ ಅತ್ತರು.

ಎಲ್ಲ ಮುಗಿದು ಅವಳು ಕೈತೊಳೆದು ಹೊಸಿಲಿಗೆ ಬಂದಳು. ಅಂಗಳದಲ್ಲಿ ಬೀದಿಯ ಹೆಂಗಸರೆಲ್ಲ ನೆರೆದಿದ್ದರು. ಹೊರಡುವಾಗ ಏನನ್ನುತ್ತಾಳೋ ಎಂದು ಒಬ್ಬರೂ ಕೆಮ್ಮುತ್ತಿರಲಿಲ್ಲ. ಅವಳು ನನ್ನನ್ನು ನೋಡಿದಳು. ಅಕ್ಕನನ್ನು ನೋಡಿದಳು. ಆಮೇಲೆ ಕೈಮುಗಿದು, 'ಬತ್ತೀನಿ' ಎಂದಳು.

'ಹೋಗ್ಬುಟ್ಟು ಬಾರವ್ವಾ' ಎಂದಿತು ಅಂಗಳವೆಲ್ಲ.

ಇಪ್ಪತ್ತು ಹೆಜ್ಜೆ ನಡೆದು ಹುಳುಮನೆಯ ಬಾಗಿಲು ಮುಟ್ಟಿದಳು. ತಿರುಗಿದಳು. ಇಪ್ಪತ್ತು ಹೆಜ್ಜೆ ವಾಪಸು ನಡೆದು ನಮ್ಮ ಹೊಸಿಲಿಗೆ ಬಂದು, 'ಬಂದೆ' ಎಂದಳು. ಹೆಂಗಸರು ಪಿಳಿಪಿಳಿ ನೋಡಿದರು. ನನಗೊಬ್ಬಳಿಗೆ ತಿಳಿಯಿತು. ಬತ್ತೀನಿ ಎಂದಳಲ್ಲ, ಅದು ಸುಳ್ಳಾಗಬಾರದು.

ಸಂಜೆ ಹೊಂಗೆ ಮರದ ಕೆಳಗೆ ಹೋದೆ. ಕಟ್ಟೆಯ ಮೇಲೆ ಕೂರಲು ಮನಸ್ಸಾಗದೆ ನೆಲದ ಮೇಲೆ ಕೂತೆ. ಅವಳು ಎದ್ದು ಹೋಗಿ ಕಟ್ಟೆಯನ್ನು ಸೆರಗಿನಿಂದ ಒರೆಸಿ, 'ಟೀಚರಮ್ಮ ಇಲ್ಲಿ' ಎಂದಳು.

'ಯಾಕೆ ನನ್ನ ಹೆಸ್ರು ಹೇಳ್ಲಿಲ್ಲ ನೀವು?'

'ಹೇಳಿದರೆ ನಿನ್ನನ್ನು ಹೊಡೆಯುತ್ತಿದ್ದರು. ಒಂದು ಸಲ ನಿನ್ನ ಬಾಗಿಲು ನಾನು ಮುಚ್ಚಿದೆ. ಎರಡು ಸಲ ಮುಚ್ಚಬೇಕಾ?'

'ಹಂಗಾದ್ರೆ ಈಗ ಬರ್ಕೊಡಿ ಕಾಗ್ದ.'

'ಇಲ್ಲ.'

ಹಾಳಾದೋಳು, ಅವತ್ತೂ ಬರೆದುಕೊಡಲಿಲ್ಲ! ನನಗೆ ಅಳು, ನಗು ಎರಡೂ ಒಟ್ಟಿಗೆ ಬಂತು. ಕಲ್ಲು ತೆಗೆದುಕೊಂಡು ಎಸೆಯಬೇಕು ಅನ್ನಿಸಿತು. ಅವಳು ಮಾತ್ರ ನೋಟ್ ಬುಕ್ಕು ತೆಗೆದು, 'ಇವತ್ತು ಏನು ಪಾಠ?' ಎಂದು ಕೇಳಿದಳು.

ಅವತ್ತಿನಿಂದ ಅವಳದು ಹೊಸ ಪದ್ಧತಿ. ಯಾವ ಮನೆಗೆ ಹೋದರೂ ಬತ್ತೀನಿ ಎಂದೇ ಹೊರಡುವುದು, ಆ ಮಾತು ನಿಜ ಮಾಡಲು ಮರುದಿನ ಮತ್ತೆ ಹೋಗುವುದು. ಜ್ವರ ಬಿಟ್ಟಿರಲಿ, ಬಾಣಂತಿ ಎದ್ದು ಓಡಾಡುತ್ತಿರಲಿ, ಮರುದಿನ ಅವಳ ಬರಿಗಾಲು ಆ ಅಂಗಳದಲ್ಲಿ ಇದ್ದೇ ಇರುತ್ತಿತ್ತು. ಬಂದು 'ಬಂದೆ' ಎಂದು ಹೇಳಿ, ಒಂದು ಗಳಿಗೆ ನಿಂತು, ಈ ಸಲ ಏನೂ ಅನ್ನದೆ ಬರೀ ಕೈಮುಗಿದು ಹೊರಡುವಳು. ಆ ಎರಡನೆಯ ಭೇಟಿಯಲ್ಲಿ ಎಷ್ಟು ಬಾಣಂತಿಯರ ನಂಜು, ಎಷ್ಟು ಕೂಸುಗಳ ಕಾಮಾಲೆ ಅವಳ ಕಣ್ಣಿಗೆ ಬಿತ್ತೋ! ನಾನು ಹೊಟ್ಟೆಯುರಿಗೆ ನೆಟ್ಟ ವಿಷದ ಗಿಡವನ್ನು ಅವಳು ಹೀಗೆ ಬಳಸಿಕೊಂಡಳು. ನನ್ನನ್ನೂ ಜೊತೆಗೆ ಕರೆದೊಯ್ಯುತ್ತಿದ್ದಳು. ಚೀಲ ನನ್ನ ಹೆಗಲಿಗೆ. ನಾಲ್ಕು ಮೈಲಿ, ಐದು ಮೈಲಿ, ಅದೂ ಎರಡೆರಡು ಸಲ. ದಾರಿಯುದ್ದಕ್ಕೂ ನಾನು ಗೊಣಗುತ್ತಿದ್ದೆ. ಅವಳು ಕೇಳಿಸಿಕೊಂಡು ನಗುತ್ತಿದ್ದಳು.

ಒಂದೂವರೆ ವರ್ಷ ಹೀಗೆ ನಡೆದು ನಡೆದು ಅವಳು ಸವೆದಳು. ಒಸಿ ಒಸಿ ಎಂದು ತಿಂದದ್ದು ಸಾಲಲಿಲ್ಲವೋ, ಒಳಗೆ ಮೊದಲೇ ಏನೋ ಇತ್ತೋ. ಕಣ್ಣು ಹಳದಿಯಾಯಿತು, ಹೊಟ್ಟೆ ಊದಿತು. ನಮ್ಮ ಬಡವರಿಗೆ ಹೇಗೋ ಹಾಗೇ ತನಗೂ ಎಂದು ದೊಡ್ಡ ಆಸ್ಪತ್ರೆಗೆ ಹೋಗಲೊಲ್ಲೆ ಎಂದಳು. 'ನಮ್ಮ ಬಡವ್ರು ಆಸ್ಪತ್ರೆ ಸಿಕ್ಕುದ್ರೆ ಓಡೋಯ್ತಾರೆ ಸಿಸ್ಟರಮ್ಮ, ನೀವ್ಯಾರನ್ನ ನೋಡಿ ಕಲ್ತ್ರಿ ಇದ್ನ?' ಎಂದು ಜಗಳವಾಡಿದೆ. ಕೊನೆಗೆ ಬೆಂಗಳೂರಿನಿಂದ ಅವಳ ಜನ ಕಾರು ತಂದರು. ಅವಳ ದೇಶಕ್ಕೇ ಕಳಿಸುವುದೆಂದು ತೀರ್ಮಾನ ಆಗಿತ್ತು.

ಊರೆಲ್ಲ ರಸ್ತೆಗೆ ಬಂದಿತ್ತು. ಅವಳೇ ಹಿಡಿದು ಹೊರತೆಗೆದ ಅಕ್ಕನ ಮಗಳು ಅಕ್ಕನ ಸೊಂಟದ ಮೇಲಿದ್ದಳು. ಕಾರಿನ ಕಿಟಕಿಯಲ್ಲಿ ಅವಳ ಮುಖ ಒಂದು ಹಿಡಿಯಷ್ಟಾಗಿತ್ತು. ಕಾಲಿಗೆ ಯಾರೋ ಚಪ್ಪಲಿ ಹಾಕಿಸಿದ್ದರು.

'ಬತ್ತೀನಿ ಅನ್ನವ್ವಾ' ಎಂದಳು ಅಜ್ಜಿ.

ಅವಳು ಬರೀ ಕೈಮುಗಿದಳು.

ನಾನು ಕಿಟಕಿ ಹಿಡಿದುಕೊಂಡೆ. 'ಬತ್ತೀನಿ ಅನ್ನಿ ಸಿಸ್ಟರಮ್ಮ.'

'ಟೀಚರಮ್ಮ, ನನ್ನಿಂದ ಸುಳ್ಳು ಹೇಳಿಸಬೇಡ.'

'ಒಂದ್ಸಲ ಅನ್ನಿ. ಒಸಿ ಅನ್ನಿ.'

ಅವಳು ನನ್ನ ಕೆನ್ನೆ ಮುಟ್ಟಿದಳು. ಅಜ್ಜಿ ಎಣ್ಣೆಗೈಯಲ್ಲಿ ಬಾರಿಸಿದ್ದ ಅದೇ ಕೆನ್ನೆ. 'ಹೋಯ್ತೀನಿ' ಎಂದಳು. ಅಜ್ಜಿ ಕಿವಿ ಮುಚ್ಚಿಕೊಂಡಳು. ಕಾರು ಹೊರಟಿತು. ನಾನು ಹಿಂದೆ ಓಡಿದೆ, ಬತ್ತೀನಿ ಅನ್ನು, ಬತ್ತೀನಿ ಅನ್ನೇ ಎಂದು ಕೂಗುತ್ತಾ ಕಬ್ಬಾಳಿನ ತಿರುವಿನವರೆಗೂ ಓಡಿದೆ. ಅವಳನ್ನು ಬಾಯಿಬಿಟ್ಟು ಏಕವಚನದಲ್ಲಿ ಕರೆದದ್ದು ಅದೊಂದೇ ಸಲ. ಕಾರು ನಿಲ್ಲಲಿಲ್ಲ.

ಮುಂದಿನ ವರ್ಷ ಸರ್ಕಾರದ ದಾದಿ ತರಬೇತಿಗೆ ಅರ್ಜಿ ಹಾಕಿದೆ. ಯಾರ ಕಾಗದವೂ ಬೇಕಾಗಲಿಲ್ಲ. ಸಂದರ್ಶನದಲ್ಲಿ ಕಾಲು ಮುಂದಾಗಿ ಬಂದ ಮಗುವಿಗೆ ಏನು ಮಾಡಬೇಕು ಎಂದು ಕೇಳಿದರು. ಹೇಳಿದೆ. ನಾನು ಹೇಳಿದ ರೀತಿಗೆ ಅವರು ಮುಂದಿನ ಪ್ರಶ್ನೆ ಕೇಳಲಿಲ್ಲ. ಉಯ್ಯಂಬಳ್ಳಿಯ ಕಡೆಯೂ, ಮಾಗಡಿಯ ಕಡೆಯೂ ಕೆಲಸ ಮಾಡಿದೆ. ಎಲ್ಲಿ ಹೋದರೂ ಹೊರಡುವಾಗ ಬತ್ತೀನಿ ಎಂದ ಮೇಲೆ ಮರುದಿನ ಆ ಮನೆಗೆ ಹೋಗದಿದ್ದರೆ ಅನ್ನ ಇಳಿಯುತ್ತಿರಲಿಲ್ಲ. ಜೊತೆಯವರು ಒಂದು ಸಲ ನೋಡಿ ಬರುತ್ತಿದ್ದ ಮನೆಗೆ ನಾನು ಎರಡು ಸಲ ಹೋಗಿದ್ದೇನೆ, ಕೆಲಸ ಇದ್ದಷ್ಟು ವರ್ಷವೂ. ಈಗ ಮೊಣಕಾಲಿನಲ್ಲಿ ಏನೂ ಉಳಿದಿಲ್ಲ. ಮೆಟ್ಟಿಲು ಹತ್ತುವಾಗೆಲ್ಲ ಅವಳಿಗೆ ಶಾಪ ಹಾಕುತ್ತೇನೆ.

ತರಬೇತಿಗೆ ಹೊರಡುವ ಹಿಂದಿನ ವಾರ ಪರದೇಶದ ಸ್ಟಾಂಪಿದ್ದ ಲಕೋಟೆ ಬಂದಿತ್ತು. ಒಳಗೆ ಎರಡು ಹಾಳೆ. ಒಂದು ಇಂಗ್ಲಿಷಿನಲ್ಲಿ, ಅವಳ ಜೊತೆಯ ಇನ್ನೊಬ್ಬ ಸಿಸ್ಟರ್ ಬರೆದದ್ದು. ಮಾತಿಗೆ ಮಾತು ಕೂಡಿಸಿ ಓದಿದೆ. ತೀರಿಕೊಂಡರು, ಕೊನೆಯವರೆಗೂ ನೆನಪು ಇತ್ತು, ಇನ್ನೊಂದು ಹಾಳೆಯನ್ನು ನಿಮಗೇ ತಲುಪಿಸಲು ಹೇಳಿದ್ದರು, ಅದರಲ್ಲೇನಿದೆ ನಮಗೆ ಓದಲು ಬಾರದು, ಎಂದಿತ್ತು.

ಇನ್ನೊಂದು ನಮ್ಮ ಪಾಠದ ನೋಟ್ ಬುಕ್ಕಿನಿಂದ ಹರಿದ ಹಾಳೆ. ಮೇಲೆ ನನ್ನ ಕೈಬರಹ, ದಪ್ಪಗೆ, ಹೋಯ್ತೀನಿ. ಕೆಳಗೆ ಅವಳ ಸೊಟ್ಟ ಅಕ್ಷರದಲ್ಲಿ ಹತ್ತು ಸಲ ಹೋಯ್ತೀನಿ. ಹತ್ತನ್ನೂ ಒಂದೊಂದಾಗಿ ಗೀಟೆಳೆದು ಹೊಡೆದುಹಾಕಿದ್ದಳು. ಅದರ ಕೆಳಗೆ ಬೇರೆ ಶಾಯಿಯಲ್ಲಿ, ಕೈ ನಡುಗಿ ನಡುಗಿ ಬರೆದಿದ್ದಳು: 'ಟೀಚರಮ್ಮ, ಬತ್ತೀನಿ.'

ನನಗೆ ಬರೆದುಕೊಡಲೊಲ್ಲೆ ಎಂದಿದ್ದವಳು ಬರೆದ ಕಾಗದ ಅದೊಂದೇ. ಜೀವಮಾನದಲ್ಲಿ ಅವಳು ಹೇಳಿದ ಸುಳ್ಳೂ ಅದೊಂದೇ, ಅದನ್ನು ತಂದು ನನ್ನ ತಲೆಗೇ ಕಟ್ಟಿದಳು. ಹಾಳೆ ಅವ್ವನ ಹಿಟ್ಟಿನ ಟ್ರಂಕಿನಲ್ಲಿದೆ. ಟ್ರಂಕು ಈಗ ನನ್ನ ಮಂಚದ ಕೆಳಗಿದೆ. ಇಷ್ಟು ವರ್ಷವಾದರೂ ಬಾಗಿಲಲ್ಲಿ ಬರಿಗಾಲಿನ ಸದ್ದಾದರೆ ತಿರುಗಿ ನೋಡುತ್ತೇನೆ. ಬತ್ತೀನಿ ಅಂದಿದ್ದಾಳಲ್ಲ. ಬರಲಿ, ವಿಚಾರಿಸಿಕೊಳ್ಳುತ್ತೇನೆ.